ಸಂಖ್ಯಾ ಅನುಕ್ರಮ ಕ್ಯಾಲ್ಕ್ಯುಲೇಟರ್: ಎಐ ಏಜೆಂಟ್‌ಗಳ ಟೂಲ್ ಮತ್ತು ಅದರ ಕೈಪಿಡಿ

ಸಂಖ್ಯಾ ಅನುಕ್ರಮ ಕ್ಯಾಲ್ಕ್ಯುಲೇಟರ್ ಎಂದರೆ ಸಮಾಂತರ ಶ್ರೇಢಿ, ಗುಣೋತ್ತರ ಶ್ರೇಢಿ, ಫಿಬೊನಾಚಿ ಸಂಖ್ಯೆಗಳಂಥ ಅನುಕ್ರಮಗಳ ಪದಗಳನ್ನೂ ಅವುಗಳ ಮೊತ್ತವನ್ನೂ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್. ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಎಷ್ಟನೇ ಪದ ಬೇಕು ಎಂದು ಮೂರು ಚೌಕಗಳಲ್ಲಿ ತುಂಬಿ ಗುಂಡಿ ಒತ್ತಿದರೆ ಉತ್ತರ ತೋರಿಸುವ ಪುಟಗಳು ಅಂತರ್ಜಾಲದಲ್ಲಿ ಬಹುಕಾಲದಿಂದ ಇವೆ. 2023ರಿಂದ ಈಚೆಗೆ ಇಂಥ ಕ್ಯಾಲ್ಕ್ಯುಲೇಟರಿಗೆ ಇನ್ನೊಂದು ಬಗೆಯ ಗಿರಾಕಿ ಸಿಕ್ಕಿದೆ: ಭಾಷಾ ಮಾದರಿಯ ಬಲದಿಂದ, ಒಪ್ಪಿಸಿದ ಕೆಲಸವನ್ನು ಹಂತ ಹಂತವಾಗಿ ತಾನೇ ಮಾಡಿ ಮುಗಿಸುವ ಎಐ ಏಜೆಂಟ್. ಈ ಗಿರಾಕಿ ಚೌಕಗಳನ್ನು ನೋಡುವುದಿಲ್ಲ, ಗುಂಡಿ ಒತ್ತುವುದಿಲ್ಲ. ಟೂಲಿನ ಹೆಸರು, ಅದರ ಕೆಳಗೆ ಬರೆದ ನಾಲ್ಕಾರು ವಾಕ್ಯ, ಏನೇನು ಒದಗಿಸಬೇಕು ಎಂಬ ಪಟ್ಟಿ, ಇಷ್ಟನ್ನೇ ಕೈಪಿಡಿಯಾಗಿ ಓದಿಕೊಂಡು ಕೆಲಸಕ್ಕಿಳಿಯುತ್ತದೆ. ಒಳಗಿನ ಸೂತ್ರಗಳು ಶಾಲೆ-ಕಾಲೇಜಿನ ಪಾಠ. ಕಷ್ಟವೆಲ್ಲ ಅವುಗಳ ಸುತ್ತ ಬರೆಯಬೇಕಾದ ಮಾತಿನಲ್ಲಿದೆ. ಟೂಲ್ ಕೆಟ್ಟಿತು ಎಂದು ದೂರು ಬಂದ ಕಡೆ ತೆರೆದು ನೋಡಿದರೆ ಅನೇಕ ಸಲ ಸೂತ್ರ ಸರಿಯಾಗಿಯೇ ಇರುತ್ತದೆ, ವಿವರಣೆ ಅರ್ಧಂಬರ್ಧವಾಗಿರುತ್ತದೆ.

ಏಜೆಂಟಿಗೆ ಕ್ಯಾಲ್ಕ್ಯುಲೇಟರ್ ಯಾಕೆ

ಕಂಪ್ಯೂಟರಿಗೇ ಲೆಕ್ಕ ಬಾರದೇ ಎಂದು ಕೇಳುವವರಿದ್ದಾರೆ. ಭಾಷಾ ಮಾದರಿ ಓಡುವುದು ಸೆಕೆಂಡಿಗೆ ಕೋಟ್ಯಂತರ ಗುಣಾಕಾರ ಮಾಡುವ ಚಿಪ್ಪುಗಳ ಮೇಲೆಯೇ. ಆದರೆ ಅದು ಬರೆಯುವ ಉತ್ತರ ಹುಟ್ಟುವುದು ಮುಂದೆ ಬರಬಹುದಾದ ಟೋಕನ್, ಅಂದರೆ ಪಠ್ಯದ ತುಣುಕು, ಯಾವುದು ಎಂಬ ಅಂದಾಜಿನಿಂದ. ದೊಡ್ಡ ಸಂಖ್ಯೆಯೊಂದು ಅದರೊಳಗೆ ಎರಡು ಮೂರು ಅಂಕಿಗಳ ತುಂಡುಗಳಾಗಿ ಹೋಗಿರುತ್ತದೆ. ದಶಕ ಕೂಡಿಸಿಕೊಳ್ಳುತ್ತ ಬಲದಿಂದ ಎಡಕ್ಕೆ ಹೋಗುವ ನಮ್ಮ ಕೂಡುವ ಕ್ರಮಕ್ಕೆ ಆ ತುಂಡುಗಳು ಹೊಂದುವುದಿಲ್ಲ. 100ನೇ ಫಿಬೊನಾಚಿ ಸಂಖ್ಯೆ 354224848179261915075 ಎಂಬುದು ಎಷ್ಟೋ ಪುಟಗಳಲ್ಲಿ ಅಚ್ಚಾಗಿರುವುದರಿಂದ ಮಾದರಿ ಅದನ್ನು ಬಾಯಿಪಾಠದಂತೆ ಒಪ್ಪಿಸಬಹುದು. 137ನೆಯದನ್ನು ಕೇಳಿದರೆ 29 ಅಂಕಿಗಳ ಉತ್ತರವೊಂದು ಅಷ್ಟೇ ಧೈರ್ಯದಿಂದ ಬಂದೀತು. ಮೊದಲ ನಾಲ್ಕು ಅಂಕಿ ಸರಿ, ಕೊನೆಯ ನಾಲ್ಕೂ ಸರಿ, ನಡುವೆ ಎಲ್ಲೋ ತಪ್ಪು. ಕಣ್ಣಿಗೆ ಕಾಣದ ತಪ್ಪು ಇದು.

ಇದಕ್ಕೆ ಮದ್ದು ಹುಡುಕುವ ಕೆಲಸ ಬೇಗನೇ ಶುರುವಾಯಿತು. 2021ರಲ್ಲಿ ಓಪನ್‌ಎಐ ಹೊರತಂದ ಶಾಲಾ ಮಟ್ಟದ ಲೆಕ್ಕಗಳ ಜಿಎಸ್‌ಎಂ8ಕೆ ಸಂಗ್ರಹದಲ್ಲಿ ಉತ್ತರಗಳ ನಡುನಡುವೆ ಕ್ಯಾಲ್ಕ್ಯುಲೇಟರಿನ ಗುರುತುಗಳಿದ್ದವು. ಮಾದರಿ ಆ ಗುರುತು ಬರೆದೊಡನೆ ಹೊರಗಿನ ಪ್ರೋಗ್ರಾಂ ಲೆಕ್ಕ ಮಾಡಿ ಸಂಖ್ಯೆ ತುಂಬುತ್ತಿತ್ತು. 2022ರ ರಿಯಾಕ್ಟ್ ಪ್ರಬಂಧ ಯೋಚನೆ, ಕ್ರಿಯೆ, ಫಲಿತಾಂಶ ಎಂಬ ಸುತ್ತನ್ನು ಮುಂದಿಟ್ಟಿತು. 2023ರ ಆರಂಭದಲ್ಲಿ ಮೆಟಾ ಸಂಶೋಧಕರ ಟೂಲ್‌ಫಾರ್ಮರ್, ಯಾವ ಹೊತ್ತಿಗೆ ಯಾವ ಟೂಲನ್ನು ಕರೆಯಬೇಕೆಂದು ಮಾದರಿ ತಾನೇ ಕಲಿಯಬಲ್ಲದು ಎಂದು ತೋರಿಸಿತು. ಅದರ ಟೂಲುಗಳಲ್ಲಿ ಕ್ಯಾಲ್ಕ್ಯುಲೇಟರೂ ಒಂದು. ಅದೇ ವರ್ಷ ಜೂನ್‌ನಲ್ಲಿ ಓಪನ್‌ಎಐ, ಮಾದರಿ ಹೊರಗಿನ ಟೂಲನ್ನು ಕರೆಯುವ ಫಂಕ್ಷನ್ ಕಾಲಿಂಗ್ ಸೌಲಭ್ಯವನ್ನು ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದರೆ ಎಂಸಿಪಿ, ಒಬ್ಬರು ಬರೆದ ಟೂಲನ್ನು ಬೇರೆ ಬೇರೆ ಏಜೆಂಟ್‌ಗಳು ಒಂದೇ ರೀತಿಯಲ್ಲಿ ಬಳಸುವ ಹಾದಿ ಮಾಡಿಕೊಟ್ಟಿತು.

ಪೈಥಾನ್ ಕೋಡ್ ಬರೆದು ಓಡಿಸಬಲ್ಲ ಏಜೆಂಟಿಗೆ ಇಷ್ಟು ಪುಟ್ಟ ಟೂಲ್ ಬೇಕೇ ಎಂಬ ವಾದವೂ ಇದೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪ್ರತಿ ಸಲ ಹೊಸದಾಗಿ ಬರೆದ ಕೋಡು ಪ್ರತಿ ಸಲ ಹೊಸದಾಗಿ ತಪ್ಪಬಹುದು, ಅಪರಿಚಿತ ಕೋಡನ್ನು ಓಡಿಸಲು ಕಾವಲಿರುವ ಜಾಗ ಬೇಕು, ಟೋಕನ್ನೂ ಹೆಚ್ಚು ಖರ್ಚಾಗುತ್ತದೆ. ಒಮ್ಮೆ ಬರೆದು, ಹತ್ತು ಸಲ ಪರೀಕ್ಷಿಸಿ ಮುಚ್ಚಿಟ್ಟ ಟೂಲು ಇಲ್ಲಿ ಗೆಲ್ಲುತ್ತದೆ. ಬ್ಯಾಂಕು, ವಿಮೆಯಂಥ ಕಡೆ ಏಜೆಂಟಿಗೆ ಕೋಡ್ ಓಡಿಸುವ ಅನುಮತಿಯನ್ನು ಸುಮ್ಮನೆ ಕೊಟ್ಟುಬಿಡುವಂತೆಯೂ ಇಲ್ಲ.

ಹಿನ್ನೆಲೆ

ಅನುಕ್ರಮಗಳ ಲೆಕ್ಕಕ್ಕೆ ನಿಯಮ ಕಟ್ಟುವ ಕೆಲಸ ಭಾರತದಲ್ಲಿ ಬಹಳ ಹಳೆಯದು. 499ರ ಆರ್ಯಭಟೀಯದ ಗಣಿತಪಾದದಲ್ಲಿ ಸಮಾಂತರ ಶ್ರೇಢಿಯ ಮೊತ್ತ ಕಂಡುಹಿಡಿಯುವ ಸೂತ್ರವಿದೆ. ಅದರ ಬೆನ್ನಿಗೇ ಮೊತ್ತ ಗೊತ್ತಿದ್ದರೆ ಎಷ್ಟು ಪದಗಳಿವೆ ಎಂದು ತಿಳಿಯುವ ಸೂತ್ರವೂ ಇದೆ. ಎರಡನೆಯದು ವರ್ಗ ಸಮೀಕರಣವನ್ನು ಬಿಡಿಸುವ ಲೆಕ್ಕ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಈ ವಿಷಯವನ್ನು ಇನ್ನೂ ಹರಡಿ ಹೇಳುತ್ತದೆ. ಆದಿ, ಉತ್ತರ, ಗಚ್ಛ, ಸರ್ವಧನ: ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಪದಗಳ ಸಂಖ್ಯೆ, ಮೊತ್ತ. ನಾಲ್ಕರಲ್ಲಿ ಮೂರು ಕೊಟ್ಟರೆ ಉಳಿದೊಂದನ್ನು ತೆಗೆಯುವ ನಿಯಮಗಳು ಅಲ್ಲಿವೆ. ಇಂದು ಏಜೆಂಟಿಗಾಗಿ ಟೂಲ್ ಬರೆಯುವವರು ಕೊನೆಗೆ ಬಂದು ಮುಟ್ಟುವುದೂ ಇದೇ ವಿಂಗಡಣೆಗೆ. ಕನ್ನಡದಲ್ಲೇ ಗಣಿತ ಬರೆದ 12ನೇ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವನ್ನೂ ಇಲ್ಲಿ ನೆನೆಯಬೇಕು.

ಯಂತ್ರಗಳ ಕಡೆಯಿಂದ ನೋಡಿದರೆ, ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ತೋರಿಸಿದ ಡಿಫರೆನ್ಸ್ ಎಂಜಿನ್ನಿನ ಮಾದರಿಯೇ ಒಂದು ಅನುಕ್ರಮ ಕ್ಯಾಲ್ಕ್ಯುಲೇಟರ್. ಸಂಖ್ಯೆಯೊಂದರ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿದರೆ ಬರುವ 41, 43, 47, 53, 61 ಎಂಬ ಸಾಲನ್ನು ಅದು ಬರಿಯ ಕೂಡುವುದರಿಂದಲೇ ಹೊರಡಿಸುತ್ತಿತ್ತು. ವ್ಯತ್ಯಾಸಗಳು 2, 4, 6, 8. ಅವುಗಳ ನಡುವಿನ ವ್ಯತ್ಯಾಸ ಎಲ್ಲ ಕಡೆ 2. ಗುಣಾಕಾರದ ಗೊಡವೆಯೇ ಇಲ್ಲ.

ಕೈಪಿಡಿಯ ಚರಿತ್ರೆಗೆ ಇದಕ್ಕಿಂತ ಹತ್ತಿರದ್ದು 1843ರ ಸಂಗತಿ. ಬ್ಯಾಬೇಜನ ಇನ್ನೊಂದು ಯಂತ್ರವಾದ ಅನಲಿಟಿಕಲ್ ಎಂಜಿನ್ ಕುರಿತು ಇಟಲಿಯ ಮೆನಾಬ್ರಿಯಾ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಏಡಾ ಲವ್‌ಲೇಸ್ ಇಂಗ್ಲಿಷಿಗೆ ತಂದಳು. ಜೊತೆಗೆ ಮೂಲಕ್ಕಿಂತ ಉದ್ದನೆಯ ಟಿಪ್ಪಣಿಗಳನ್ನು ಸೇರಿಸಿದಳು. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಅನುಕ್ರಮವನ್ನು ಯಂತ್ರ ಹೇಗೆ ಲೆಕ್ಕ ಹಾಕಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟ ಕೋಷ್ಟಕವಿದೆ. ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎಂದು ಹಲವರು ಕರೆಯುವುದು ಇದನ್ನೇ. ಅಚ್ಚಾದ ಆ ಕೋಷ್ಟಕದ ನಾಲ್ಕನೇ ಹೆಜ್ಜೆಯಲ್ಲಿ ಭಾಜ್ಯವೂ ಭಾಜಕವೂ ಅದಲುಬದಲಾಗಿವೆ. ಓದುವ ಮನುಷ್ಯ ಹೌದಲ್ಲ ಎಂದು ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಬರೆದದ್ದನ್ನೇ ನಡೆಸುವ ಯಂತ್ರವಾಗಿದ್ದರೆ ತಪ್ಪು ಉತ್ತರವನ್ನೇ ಕೊಡುತ್ತಿತ್ತು.

ಮೂರನೇ ಎಳೆ ಗಣಿತಜ್ಞ ನೀಲ್ ಸ್ಲೋನ್ ಅವರದು. 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಅನುಕ್ರಮಗಳನ್ನು ಕೂಡಿಹಾಕಲು ಆರಂಭಿಸಿದರು. ಆ ಸಂಗ್ರಹ 1973ರಲ್ಲಿ ಪುಸ್ತಕವಾಯಿತು; 1995ರಲ್ಲಿ ಸೈಮನ್ ಪ್ಲೂಫ್ ಜೊತೆಗೂಡಿ ದೊಡ್ಡದಾಗಿಸಿದ ಇನ್ನೊಂದು ಪುಸ್ತಕ ಬಂತು; 1996ರಲ್ಲಿ ಅಂತರ್ಜಾಲಕ್ಕೇರಿತು. ಓಇಐಎಸ್ ಎಂದು ಹೆಸರಾದ ಈ ಅನುಕ್ರಮಕೋಶದಲ್ಲಿ ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು ಅನುಕ್ರಮಗಳಿವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ; ಫಿಬೊನಾಚಿಯದು ಎ000045. ಕೆಲವು ಪದಗಳನ್ನು ಇ-ಮೇಲ್‌ನಲ್ಲಿ ಕಳಿಸಿದರೆ ಹೊಂದುವ ಅನುಕ್ರಮವನ್ನು ಹುಡುಕಿ ಮಾರುತ್ತರ ಕಳಿಸುವ ಸೂಪರ್‌ಸೀಕರ್ ಎಂಬ ಸೇವೆಯನ್ನು ಸ್ಲೋನ್ 1994ರಲ್ಲೇ ನಡೆಸುತ್ತಿದ್ದರು. ಒಂದು ಸಾಲು ಹೋಗಿ, ಯಂತ್ರ ಓದಿ, ಒಂದು ಸಾಲು ಮರಳಿ ಬರುವ ಆ ಏರ್ಪಾಡು ಇಂದಿನ ಟೂಲ್ ಕರೆಗೆ ಬಹಳ ದೂರದ್ದೇನಲ್ಲ.

ಕರೆ ಹೋಗಿ ಬರುವ ಬಗೆ

ಟೂಲ್ ತನ್ನನ್ನು ಮೂರು ತುಂಡುಗಳಲ್ಲಿ ಪರಿಚಯಿಸಿಕೊಳ್ಳುತ್ತದೆ: ಹೆಸರು, ವಿವರಣೆ, ಒದಗಿಸಬೇಕಾದ ಮಾಹಿತಿಯ ಆಕಾರ ಹೇಳುವ ಜೇಸನ್ ಸ್ಕೀಮಾ. ಏಜೆಂಟ್ ಕೆಲಸ ಶುರುಮಾಡುವ ಮೊದಲೇ ಇವು ಮಾದರಿಯ ಮುಂದೆ ಬಂದು ಕೂರುತ್ತವೆ. ಬಳಕೆದಾರರು ಪ್ರಶ್ನೆ ಕೇಳಿದಾಗ ಮಾದರಿ ತಾನು ಲೆಕ್ಕ ಮಾಡದೆ, ಈ ಟೂಲನ್ನು ಈ ಬೆಲೆಗಳೊಂದಿಗೆ ಕರೆ ಎಂದು ಒಂದು ಚೀಟಿ ಬರೆಯುತ್ತದೆ: ಬಗೆ ಸಮಾಂತರ, ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 4, ಪದಗಳ ಸಂಖ್ಯೆ 21, ಬೇಕಾದದ್ದು ಮೊತ್ತ. ಏಜೆಂಟನ್ನು ನಡೆಸುವ ಆತಿಥೇಯ ಪ್ರೋಗ್ರಾಂ ಚೀಟಿಯನ್ನು ಟೂಲಿಗೆ ದಾಟಿಸುತ್ತದೆ, ಬಂದ 945 ಎಂಬ ಮೊತ್ತವನ್ನು ಸಂಭಾಷಣೆಯೊಳಗೆ ಇಡುತ್ತದೆ, ಮಾದರಿ ಅದನ್ನು ಓದಿ ವಾಕ್ಯ ಮಾಡಿ ಹೇಳುತ್ತದೆ. ಎಂಸಿಪಿಯ 2025ರ ಜೂನ್ ಆವೃತ್ತಿಯಿಂದ ಉತ್ತರದ ಆಕಾರಕ್ಕೂ ಸ್ಕೀಮಾ ಕೊಡುವ ಸೌಲಭ್ಯ ಬಂದಿದೆ. ಟೂಲು ಏನನ್ನೂ ಬದಲಿಸುವುದಿಲ್ಲ, ಎಷ್ಟು ಸಲ ಕರೆದರೂ ಅದೇ ಫಲ ಎಂದು ಸೂಚಿಸುವ ಗುರುತುಗಳೂ ಇವೆ; ಅನುಕ್ರಮ ಕ್ಯಾಲ್ಕ್ಯುಲೇಟರಿಗೆ ಎರಡೂ ಒಪ್ಪುತ್ತವೆ.

ವಿವರಣೆ ಪ್ರತಿ ಸಂಭಾಷಣೆಯಲ್ಲೂ ಟೋಕನ್ ತಿನ್ನುತ್ತದೆ. ಹಾಗಂತ ಚುಟುಕಾಗಿ “ಸಂಖ್ಯೆಗಳ ಲೆಕ್ಕ ಮಾಡುತ್ತದೆ” ಎಂದು ಬಿಟ್ಟರೆ ಮಾದರಿ ಜಿಎಸ್‌ಟಿ ಲೆಕ್ಕಕ್ಕೂ ಇದನ್ನೇ ಕರೆಯುತ್ತದೆ, ಇಲ್ಲವೇ ಶ್ರೇಢಿಯ ಪ್ರಶ್ನೆ ಬಂದಾಗ ಇದನ್ನು ಮರೆತೇಬಿಡುತ್ತದೆ. ಕೆಲಸಕ್ಕೆ ಬರುವ ವಿವರಣೆ ಹೀಗಿರಬಹುದು: “ಸಮಾಂತರ, ಗುಣೋತ್ತರ ಅಥವಾ ಫಿಬೊನಾಚಿ ಅನುಕ್ರಮದ ಒಂದು ಪದ, ಒಂದಷ್ಟು ಪದಗಳ ಸಾಲು ಅಥವಾ ಮೊತ್ತ ಬೇಕಾದಾಗ ಕರೆಯಿರಿ. ಪದಗಳ ಎಣಿಕೆ 1ರಿಂದ ಆರಂಭ. ಪೂರ್ಣಾಂಕದ ಉತ್ತರಗಳು ಪೂರ್ಣ ನಿಖರ, ಅವು ಪಠ್ಯವಾಗಿ ಬರುತ್ತವೆ. ಕೊಟ್ಟ ಸಂಖ್ಯೆಗಳಿಂದ ನಿಯಮ ಊಹಿಸಲು ಈ ಟೂಲ್ ಅಲ್ಲ.” ಯಾವಾಗ ಕರೆಯಬಾರದು ಎಂಬ ಕೊನೆಯ ವಾಕ್ಯವನ್ನು ಬರೆಯುವವರು ಕಡಿಮೆ. ನನ್ನ ಮಟ್ಟಿಗೆ ಬೇರಾವ ವಾಕ್ಯಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ.

ವಿವರಣೆಯನ್ನು ಮಾದರಿ ನಂಬಿ ಓದುತ್ತದೆ ಎಂಬುದೇ ಒಂದು ಅಪಾಯ. ನಿರಪಾಯವೆಂದು ಕಾಣುವ ಕೂಡುವ ಟೂಲಿನ ವಿವರಣೆಯೊಳಗೆ, ಬಳಕೆದಾರರ ಕಡತವನ್ನೂ ಓದಿ ಕಳಿಸು ಎಂಬಂಥ ಆದೇಶವನ್ನು ಅಡಗಿಸಿಡಬಹುದೆಂದು ಭದ್ರತಾ ಸಂಶೋಧಕರು 2025ರಲ್ಲಿ ತೋರಿಸಿದರು. ಹೊರಗಿನವರ ಟೂಲನ್ನು ಸೇರಿಸಿಕೊಳ್ಳುವ ಮೊದಲು ಅದರ ವಿವರಣೆಯನ್ನು ಮನುಷ್ಯರೊಬ್ಬರು ಪೂರ್ತಿ ಓದುವುದು ಒಳ್ಳೆಯದು.

ಎಣಿಕೆ ಎಲ್ಲಿಂದ ಶುರು

ಹತ್ತನೇ ಫಿಬೊನಾಚಿ ಸಂಖ್ಯೆ ಯಾವುದು? 0, 1, 1, 2 ಎಂದು ಎಣಿಸಿದರೆ 34. 1, 1, 2, 3 ಎಂದು ಎಣಿಸಿದರೆ 55. 1, 2, 3, 5 ಎಂದು ಎಣಿಸಿದರೆ 89. ಮೂರೂ ಬಳಕೆಯಲ್ಲಿವೆ, ಮೂರಕ್ಕೂ ಕಾರಣವಿದೆ. ಫಿಬೊನಾಚಿ ಎಂದೇ ಹೆಸರಾದ ಪೀಸಾದ ಲಿಯೊನಾರ್ಡೊ 1202ರಲ್ಲಿ ಬರೆದ ಪುಸ್ತಕದ ಮೊಲಗಳ ಲೆಕ್ಕದಲ್ಲಿ ಮೊದಲ ತಿಂಗಳ ಕೊನೆಗೇ ಎರಡು ಜೋಡಿಗಳಿದ್ದು, ವರ್ಷ ಮುಗಿದಾಗ 377 ಜೋಡಿಗಳಾಗುತ್ತವೆ. ಇಂದಿನ ಸಾಮಾನ್ಯ ಎಣಿಕೆಯಲ್ಲಿ 377 ಹದಿನಾಲ್ಕನೆಯದು. ಲೆಕ್ಕದಲ್ಲಿರುವುದು ಹನ್ನೆರಡು ತಿಂಗಳು.

ಕನ್ನಡ ಛಂದಸ್ಸು ಓದಿದವರಿಗೆ ಇದೇ ಅನುಕ್ರಮದ ಇನ್ನೊಂದು ಮುಖ ಗೊತ್ತು. ಮೂರು ಮಾತ್ರೆಯ ಗಣವನ್ನು ಗುರು-ಲಘುಗಳಿಂದ ಮೂರು ರೀತಿಯಲ್ಲಿ ಕಟ್ಟಬಹುದು: ಗುರು ಲಘು, ಲಘು ಗುರು, ಮೂರು ಲಘು. ನಾಲ್ಕು ಮಾತ್ರೆಗೆ ಐದು ರೀತಿ, ಐದು ಮಾತ್ರೆಗೆ ಎಂಟು. ಕೊನೆಯದು ಲಘುವಾದರೆ ಉಳಿದದ್ದು ಒಂದು ಮಾತ್ರೆ ಕಡಿಮೆಯ ಗಣ, ಗುರುವಾದರೆ ಎರಡು ಮಾತ್ರೆ ಕಡಿಮೆಯ ಗಣ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವುದು ಈ ಕಾರಣಕ್ಕೆ. ಪ್ರಾಕೃತ ಛಂದಸ್ಸಿನ ವಿರಹಾಂಕನೂ 12ನೇ ಶತಮಾನದ ಹೇಮಚಂದ್ರನೂ ಇದನ್ನು ಲಿಯೊನಾರ್ಡೊಗಿಂತ ಮುಂಚೆಯೇ ಹೇಳಿದ್ದರು. ಈ ಎಣಿಕೆಯಲ್ಲಿ ಹತ್ತು ಮಾತ್ರೆಗೆ 89. ಹಾಗಾಗಿ ಛಂದಸ್ಸಿನ ಪಾಠಕ್ಕೆ ನೆರವಾಗುವ ಏಜೆಂಟ್, ಹತ್ತು ಮಾತ್ರೆಯ ಪ್ರಶ್ನೆ ಬಂದಾಗ ಟೂಲಿನ ಹತ್ತನೇ ಪದವನ್ನು ಕೇಳಿದರೆ ಉತ್ತರ ತಪ್ಪುತ್ತದೆ; ಹನ್ನೊಂದನೆಯದನ್ನು ಕೇಳಬೇಕು. ಟೂಲಿನ ಎಣಿಕೆ ಎಲ್ಲಿಂದ ಶುರು ಎಂದು ಕೈಪಿಡಿ ಹೇಳದಿದ್ದರೆ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಓಇಐಎಸ್‌ನ ಪ್ರತಿ ನಮೂದಿನಲ್ಲೂ ಮೊದಲ ಪದಕ್ಕೆ ಯಾವ ಕ್ರಮಾಂಕ ಎಂದು ಹೇಳುವ ಆಫ್‌ಸೆಟ್ ಎಂಬ ಸಾಲಿದೆ. ದಶಕಗಳ ಅನುಭವ ಕಲಿಸಿದ ಎಚ್ಚರ ಅದು. ಟೂಲಿನಲ್ಲಿ ಇದನ್ನು ಎರಡು ರೀತಿಯಲ್ಲಿ ನಿಭಾಯಿಸಬಹುದು: ಆರಂಭದ ಕ್ರಮಾಂಕವನ್ನು ಕಡ್ಡಾಯವಾಗಿ ಕೇಳುವುದು, ಇಲ್ಲವೇ ಉತ್ತರದ ಜೊತೆಗೆ ಅಕ್ಕಪಕ್ಕದ ಪದಗಳನ್ನೂ ಕ್ರಮಾಂಕ ಸಮೇತ ಕಳಿಸುವುದು. ಎರಡನೆಯದು ಜಾಣತನದ್ದು. 9ನೆಯದು 34, 10ನೆಯದು 55, 11ನೆಯದು 89 ಎಂದು ಕಣ್ಣೆದುರಿಗಿದ್ದರೆ, ತಾನು ಕೇಳಿದ್ದು ತಪ್ಪಾಯಿತೆಂದು ಮಾದರಿ ತಾನೇ ಗುರುತಿಸಿಕೊಳ್ಳುವುದು ಹೆಚ್ಚು.

ಹಣದ ಲೆಕ್ಕದಲ್ಲಿ ಈ ಒಂದು ಹೆಜ್ಜೆಯ ವ್ಯತ್ಯಾಸ ಜೇಬಿಗೇ ತಗಲುತ್ತದೆ. ತಿಂಗಳಿಗೆ ಸಾವಿರ ರೂಪಾಯಿಯಂತೆ ವರ್ಷವಿಡೀ ಕಟ್ಟಿದ್ದಕ್ಕೆ ತಿಂಗಳಿಗೆ ಶೇ. 1ರ ಚಕ್ರಬಡ್ಡಿ ಎಂದಿಟ್ಟುಕೊಳ್ಳಿ. ಪ್ರತಿ ತಿಂಗಳ ಕೊನೆಗೆ ಕಟ್ಟಿದರೆ ಗುಣೋತ್ತರ ಶ್ರೇಢಿಯ ಮೊದಲ ಪದ 1000, ಮೊತ್ತ ₹12,682.50. ತಿಂಗಳ ಮೊದಲಿಗೇ ಕಟ್ಟಿದರೆ ಮೊದಲ ಪದ 1010, ಮೊತ್ತ ₹12,809.33. ಸೂತ್ರ ಒಂದೇ, ಅನುಪಾತ ಒಂದೇ. ಬ್ಯಾಂಕಿನ ಆರ್‌ಡಿಗಳಲ್ಲಿ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರುವುದರಿಂದ ನಿಜದ ಲೆಕ್ಕ ಇನ್ನೂ ತೊಡಕಿನದು. ಅದಕ್ಕೆ ಬೇರೆ ಟೂಲೇ ಬೇಕೆಂದು ಕೈಪಿಡಿ ನೇರವಾಗಿ ಹೇಳಿಬಿಡಬೇಕು.

ದೊಡ್ಡ ಸಂಖ್ಯೆ, ಸಣ್ಣ ದಶಾಂಶ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು 64 ಮನೆಗಳಿಗೂ ಇಡುವ ಕಥೆಯ ಮೊತ್ತ 18446744073709551615. ಅಲ್-ಬಿರೂನಿ ಸಾವಿರ ವರ್ಷಗಳ ಹಿಂದೆಯೇ ಇದನ್ನು ನಿಖರವಾಗಿ ಲೆಕ್ಕ ಹಾಕಿದ್ದ. ಇಂದು ಇದನ್ನು ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳಲ್ಲಿ ಮಾಡಿದರೆ 18446744073709552000 ಎಂದು ಬರುತ್ತದೆ. ಕಾರಣ, ಅಲ್ಲಿನ ಸಂಖ್ಯೆಗಳು 64 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್. ಒಂದೊಂದಾಗಿ ಎಲ್ಲ ಪೂರ್ಣಾಂಕಗಳನ್ನೂ ಹಿಡಿದಿಡುವುದು 2ರ 53ನೇ ಘಾತವಾದ 9007199254740992ರ ತನಕ ಮಾತ್ರ. ಫಿಬೊನಾಚಿಯಲ್ಲಿ 78ನೆಯದು ಈ ಗೆರೆಯ ಒಳಗಿದೆ, 79ನೆಯದು ಆಚೆಗಿದೆ. ಸುವರ್ಣ ಅನುಪಾತವನ್ನು ಬಳಸುವ ಬಿನೆಟ್ ಸೂತ್ರವನ್ನು ಇದೇ ಫ್ಲೋಟಿಂಗ್ ಪಾಯಿಂಟಿನಲ್ಲಿ ಹಾಕಿದರೆ ಎಪ್ಪತ್ತರ ಆಸುಪಾಸಿನಲ್ಲೇ ಒಂದಂಕಿ ಜಾರುತ್ತದೆ. ಬಿಡಿ ಅಂಕಿಯ ತಪ್ಪಾದ್ದರಿಂದ ಅನುಮಾನವೇ ಬರುವುದಿಲ್ಲ.

ಪೈಥಾನಿನ ಪೂರ್ಣಾಂಕಗಳಿಗೆ ಈ ಗೆರೆಯಿಲ್ಲ. ಆದರೂ ಉತ್ತರ ಜೇಸನ್ನಿನಲ್ಲಿ ಹೊರಟು ಇನ್ನೊಂದು ತುದಿಯಲ್ಲಿ ಜಾವಾಸ್ಕ್ರಿಪ್ಟಿನ ಕೈಗೆ ಸಿಕ್ಕರೆ ಮತ್ತೆ ಅದೇ ಕಥೆ. ಆದ್ದರಿಂದ ದೊಡ್ಡ ಪೂರ್ಣಾಂಕಗಳನ್ನು ಉದ್ಧರಣ ಚಿಹ್ನೆಗಳ ನಡುವೆ ಪಠ್ಯವಾಗಿ ಕಳಿಸುವುದು ರೂಢಿ. ಹೀಗೆ ಕಳಿಸುತ್ತೇವೆ ಎಂದು ಸ್ಕೀಮಾದಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಉತ್ತರದ ಮೇಲೆ ಇನ್ನೊಂದು ಲೆಕ್ಕ ಮಾಡುವ ಮುಂದಿನ ಟೂಲು ಅದನ್ನು ಸಂಖ್ಯೆಯಲ್ಲವೆಂದು ತಿರಸ್ಕರಿಸುತ್ತದೆ.

ದಶಾಂಶಗಳ ಪಾಡು ಬೇರೆ. 0.1ನ್ನು ಫ್ಲೋಟಿಂಗ್ ಪಾಯಿಂಟಿನಲ್ಲಿ ಹತ್ತು ಸಲ ಕೂಡುತ್ತ ಹೋದರೆ 1ರ ಬದಲು 0.9999999999999999 ಬರುತ್ತದೆ. ಸಾಮಾನ್ಯ ವ್ಯತ್ಯಾಸ 0.1 ಇರುವ ಶ್ರೇಢಿಯನ್ನು ಹಿಂದಿನ ಪದಕ್ಕೆ ಕೂಡಿ ಕೂಡಿ ಬೆಳೆಸಿದರೆ ತಪ್ಪು ಶೇಖರವಾಗುತ್ತದೆ. ಭಿನ್ನರಾಶಿಯಾಗಿ, ಇಲ್ಲವೇ ದಶಾಂಶಕ್ಕೆಂದೇ ಇರುವ ಲೆಕ್ಕದ ಬಗೆಯಲ್ಲಿ ಮಾಡಿದರೆ ಈ ತಂಟೆಯಿಲ್ಲ. ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರಕ್ಕೆ ಇನ್ನೊಂದು ಮುಳ್ಳಿದೆ: ಸಾಮಾನ್ಯ ಅನುಪಾತ 1 ಆದರೆ ಛೇದ ಸೊನ್ನೆಯಾಗುತ್ತದೆ. ಉತ್ತರ ಮಾತ್ರ ಬಹಳ ಸುಲಭ, ಮೊದಲ ಪದವನ್ನು ಪದಗಳ ಸಂಖ್ಯೆಯಿಂದ ಗುಣಿಸಿದರಾಯಿತು. ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳದ ಟೂಲುಗಳು ಇನ್ನೂ ಇವೆ.

ಮುಂದಿನ ಸಂಖ್ಯೆ ಯಾವುದು

ಕೊಟ್ಟ ಸಾಲಿನ ಮುಂದಿನ ಸಂಖ್ಯೆ ಯಾವುದು ಎಂಬುದು ಸ್ಪರ್ಧಾತ್ಮಕ ಪರೀಕ್ಷೆಗಳ ಅಚ್ಚುಮೆಚ್ಚಿನ ಪ್ರಶ್ನೆ. ಏಜೆಂಟ್‌ಗಳಿಗೂ ಬಳಕೆದಾರರು ಇದನ್ನು ಕೇಳುತ್ತಾರೆ, ಅನುಕ್ರಮ ಟೂಲುಗಳು ಎಡವುವುದೂ ಇಲ್ಲೇ. 1, 2, 4, 8, 16 ಆದ ಮೇಲೆ 32 ಎನ್ನುವುದು ಎಲ್ಲರ ಉತ್ತರ. ವೃತ್ತದ ಅಂಚಿನ ಮೇಲೆ ಚುಕ್ಕಿಗಳನ್ನಿಟ್ಟು ಎಲ್ಲ ಜೋಡಿಗಳ ನಡುವೆಯೂ ಗೆರೆ ಎಳೆದರೆ ಆಗುವ ತುಂಡುಗಳ ಗರಿಷ್ಠ ಸಂಖ್ಯೆಯೂ 1, 2, 4, 8, 16 ಎಂದೇ ಹೋಗುತ್ತದೆ. ಆರನೇ ಚುಕ್ಕಿಗೆ 31. ಬ್ಯಾಬೇಜನ ಯಂತ್ರ ಹೊರಡಿಸಿದ 41, 43, 47ರ ಸಾಲಿನಲ್ಲಿ ಮೊದಲ ನಲವತ್ತು ಪದಗಳೂ ಅವಿಭಾಜ್ಯ ಸಂಖ್ಯೆಗಳು. ನಲವತ್ತೊಂದನೆಯದು 1681, ಅಂದರೆ 41ರ ವರ್ಗ. ನಲವತ್ತು ಸಾಕ್ಷಿಗಳಿದ್ದರೂ ಎಲ್ಲ ಪದವೂ ಅವಿಭಾಜ್ಯ ಎಂಬ ನಿಯಮ ಸುಳ್ಳು.

ಎಷ್ಟೇ ಪದಗಳನ್ನು ಕೊಟ್ಟರೂ ಅವುಗಳ ಮೂಲಕ ಹಾದು ಮುಂದೆ ಬೇಕಾದಲ್ಲಿಗೆ ಹೋಗುವ ಬಹುಪದೋಕ್ತಿಯೊಂದನ್ನು ಕಟ್ಟಬಹುದು. ಹಾಗಾಗಿ ನಿಯಮ ಊಹಿಸಲೆಂದೇ ಇರುವ ಟೂಲು ಒಂದೇ ಸಂಖ್ಯೆಯನ್ನು ಉತ್ತರವೆಂದು ಒಪ್ಪಿಸದೆ, ಹೊಂದಿದ ನಿಯಮಗಳನ್ನು ಹೆಸರಿಸಿ, ಪ್ರತಿಯೊಂದೂ ಯಾವ ಮುಂದಿನ ಪದವನ್ನು ಹೇಳುತ್ತದೆ, ಅದನ್ನು ಎಷ್ಟು ಪದಗಳ ಆಧಾರದ ಮೇಲೆ ಹೇಳುತ್ತಿದೆ ಎಂದು ಕೊಡಬೇಕು. ಎರಡೇ ಪದ ಕೊಟ್ಟರೆ ಸಮಾಂತರವೂ ಆದೀತು, ಗುಣೋತ್ತರವೂ ಆದೀತು. ಮೂರು ಪದಗಳ ವ್ಯತ್ಯಾಸ ಸಮವಿದ್ದರೆ ಸಮಾಂತರ ಎಂದು ಕರೆಯಲು ಒಂದೇ ಒಂದು ಪುರಾವೆ ಇದ್ದಂತಾಯಿತು. ಈ ವಿವರಣೆ ಉತ್ತರದ ಜೊತೆಗಿಲ್ಲದಿದ್ದರೆ ಮಾದರಿ ತನ್ನ ನಯವಾದ ಭಾಷೆಯಲ್ಲಿ ಅನುಮಾನವನ್ನೆಲ್ಲ ತೊಡೆದುಹಾಕಿ, ಖಚಿತವೆಂಬಂತೆ ಬಳಕೆದಾರರಿಗೆ ಹೇಳಿಬಿಡುತ್ತದೆ.

ಉತ್ತರ ಇಲ್ಲದಾಗ

ಮೊತ್ತದಿಂದ ಪದಗಳ ಸಂಖ್ಯೆ ತಿಳಿಯುವ, ಆರ್ಯಭಟೀಯದ ಎರಡನೇ ಸೂತ್ರಕ್ಕೆ ಮರಳೋಣ. ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 4, ಮೊತ್ತ 1000, ಪದಗಳೆಷ್ಟು? ವರ್ಗಮೂಲದೊಳಗೆ 8009 ಬರುತ್ತದೆ, ಅದು ಪೂರ್ಣ ವರ್ಗವಲ್ಲ, ಆದ್ದರಿಂದ ಇಂಥ ಶ್ರೇಢಿಯೇ ಇಲ್ಲ. “ದೋಷ: ಅಮಾನ್ಯ ಮಾಹಿತಿ” ಎಂದು ಟೂಲು ಹೇಳಿದರೆ ಏಜೆಂಟ್ ತಾನು ಬರೆದ ಚೀಟಿಯ ಆಕಾರವೇ ತಪ್ಪೆಂದು ತಿಳಿದು ಅದನ್ನೇ ಬೇರೆ ಬೇರೆ ರೀತಿ ಬರೆದು ಮತ್ತೆ ಮತ್ತೆ ಕರೆಯುತ್ತದೆ. “ಈ ಮೊತ್ತಕ್ಕೆ ಪೂರ್ಣಾಂಕ ಪರಿಹಾರವಿಲ್ಲ. 21 ಪದಗಳ ಮೊತ್ತ 945, 22 ಪದಗಳದು 1034” ಎಂದರೆ ಅಲ್ಲಿಗೆ ಕೆಲಸ ಮುಗಿಯಿತು, ಬಳಕೆದಾರರಿಗೆ ಹೇಳಲು ಬೇಕಾದದ್ದೂ ಸಿಕ್ಕಿತು. ಎಂಸಿಪಿಯಲ್ಲಿ ಟೂಲಿನೊಳಗಿನ ದೋಷವನ್ನು ಫಲಿತಾಂಶದ ಭಾಗವಾಗಿಯೇ ಕಳಿಸುವ ಏರ್ಪಾಡಿರುವುದು ಮಾದರಿ ಅದನ್ನು ಓದಿ ತಿದ್ದಿಕೊಳ್ಳಲಿ ಎಂದೇ.

ಮಿತಿಗಳನ್ನೂ ಹೇಳಬೇಕು. 1000ನೇ ಫಿಬೊನಾಚಿಗೆ 209 ಅಂಕಿಗಳು. ಹತ್ತು ಲಕ್ಷನೆಯದಕ್ಕೆ 2,08,988 ಅಂಕಿಗಳು. ಕ್ರಮಾಂಕವನ್ನು ಇಮ್ಮಡಿಸುತ್ತ ಹೋಗುವ ವೇಗದ ವಿಧಾನಗಳಿಂದ ಅದನ್ನು ಲೆಕ್ಕ ಹಾಕುವುದು ಕ್ಷಣದ ಕೆಲಸ, ಆದರೆ ಪೂರ್ತಿ ಉತ್ತರ ಕಳಿಸಿದರೆ ಏಜೆಂಟಿನ ಸಂಭಾಷಣೆಯೇ ಮುಳುಗಿಹೋಗುತ್ತದೆ. ಅಂಕಿಗಳ ಸಂಖ್ಯೆ, ಮೊದಲ ಕೆಲವು, ಕೊನೆಯ ಕೆಲವು ಅಂಕಿಗಳನ್ನಷ್ಟೇ ಕೊಟ್ಟು, ಪೂರ್ತಿ ಬೇಕಿದ್ದರೆ ಕಡತವಾಗಿ ಕೊಡುವುದು ವಾಸಿ. ಪೈಥಾನಿನ ಈಚಿನ ಆವೃತ್ತಿಗಳು 4300 ಅಂಕಿಗಳನ್ನು ಮೀರಿದ ಪೂರ್ಣಾಂಕವನ್ನು ಪಠ್ಯವಾಗಿಸಲು ಪೂರ್ವನಿಯೋಜಿತ ಹೊಂದಿಕೆಯಲ್ಲಿ ಒಪ್ಪುವುದಿಲ್ಲ. ಇದನ್ನರಿಯದೆ ಬರೆದ ಟೂಲು ಇಪ್ಪತ್ತು ಸಾವಿರದ ಚಿಲ್ಲರೆ ಕ್ರಮಾಂಕದ ಬಳಿ ಹಠಾತ್ತನೆ ಮುಗ್ಗರಿಸುತ್ತದೆ. ಸಮವಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡು ಎಂಬ ಕೊಲಾಟ್ಜ್ ಅನುಕ್ರಮದಲ್ಲಂತೂ ಎಲ್ಲ ಸಂಖ್ಯೆಗಳೂ 1ಕ್ಕೆ ಬಂದು ನಿಲ್ಲುತ್ತವೆ ಎಂದು ಇನ್ನೂ ಯಾರೂ ಸಾಧಿಸಿಲ್ಲ. 27ರಿಂದ ಹೊರಟರೆ 9232ರ ತನಕ ಏರಿ, 111 ಹೆಜ್ಜೆಗಳಾದ ಮೇಲೆ 1 ಸಿಗುತ್ತದೆ. ಇಲ್ಲಿ ಹೆಜ್ಜೆಗಳಿಗೆ ಮಿತಿ ಇಡದಿದ್ದರೆ ಟೂಲು ಯಾವಾಗ ನಿಲ್ಲುತ್ತದೆಂದು ಬರೆದವರೂ ಮಾತು ಕೊಡಲಾರರು.

ಕನ್ನಡ ಅಂಕಿಗಳು

ಕನ್ನಡದಲ್ಲಿ ಕೇಳುವವರು 1,00,000 ಎಂದೂ ಒಂದೂವರೆ ಲಕ್ಷ ಎಂದೂ ೧೨೩ ಎಂದೂ ಬರೆಯುತ್ತಾರೆ. ಜೇಸನ್ನಿನ ಸಂಖ್ಯೆಯಲ್ಲಿ ಅಲ್ಪವಿರಾಮಕ್ಕೂ ಕನ್ನಡ ಅಂಕಿಗೂ ಜಾಗವಿಲ್ಲ. ಪಠ್ಯವಾಗಿ ಬಂದ ೧೨೩ನ್ನು ಪೈಥಾನ್ 123 ಎಂದೇ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಆದ್ದರಿಂದ ಪರಿವರ್ತನೆ ಯಾರ ಹೊಣೆ ಎಂಬುದನ್ನು ಕೈಪಿಡಿಯಲ್ಲೇ ತೀರ್ಮಾನಿಸಬೇಕು. ಒಂದೂವರೆ ಲಕ್ಷವನ್ನು 150000 ಮಾಡುವುದು ಭಾಷೆ ಬಲ್ಲ ಮಾದರಿಯ ಕೆಲಸ, ಅದು ಅದಕ್ಕೆ ಸಲೀಸು. ಅಂಕಿಗಳ ರೂಪ ಬದಲಾವಣೆ ಟೂಲಿಗೆ ಎರಡು ಸಾಲಿನ ಕೋಡು, ಅದನ್ನು ಟೂಲೇ ಮಾಡಿಕೊಳ್ಳಲಿ. ಉತ್ತರಕ್ಕೆ ಅಲ್ಪವಿರಾಮ ಹಾಕುವುದನ್ನು ಮಾತ್ರ ಟೂಲಿಗೆ ಬಿಡಬಾರದು: ಮೂರು ಮೂರು ಅಂಕಿಗೆ ಹಾಕಿ ಕಳಿಸಿದ್ದನ್ನು ಮಾದರಿ ಲಕ್ಷ-ಕೋಟಿಗೆ ತಿರುಗಿಸಲು ಹೋಗಿ ಅಂಕಿಯನ್ನೇ ನುಂಗುವ ಸಾಧ್ಯತೆಯಿದೆ.

ಪರೀಕ್ಷೆ ಮತ್ತು ಬದಲಾವಣೆ

ಟೂಲಿನ ಲೆಕ್ಕವನ್ನು ಪರೀಕ್ಷಿಸಲು ಉತ್ತರಗಳ ಪಟ್ಟಿಯೇ ಬೇಕೆಂದಿಲ್ಲ. ಅಕ್ಕಪಕ್ಕದ ಮೂರು ಫಿಬೊನಾಚಿ ಸಂಖ್ಯೆಗಳಲ್ಲಿ ಆಚೀಚಿನ ಎರಡರ ಗುಣಲಬ್ಧಕ್ಕೂ ನಡುವಿನದರ ವರ್ಗಕ್ಕೂ ಸದಾ 1ರ ವ್ಯತ್ಯಾಸ: 8, 13, 21ರಲ್ಲಿ 168 ಮತ್ತು 169. ಬಿಡಿಸ್ಥಾನದ ಅಂಕಿಗಳು 60 ಪದಗಳಿಗೊಮ್ಮೆ ಮರುಕಳಿಸುತ್ತವೆ. ಎಷ್ಟೇ ದೊಡ್ಡ ಕ್ರಮಾಂಕಕ್ಕೂ ಈ ಎರಡು ತಾಳೆಗಳು ಸಾಕಷ್ಟು ತಪ್ಪುಗಳನ್ನು ಹಿಡಿದುಕೊಡುತ್ತವೆ.

ವಿವರಣೆಯನ್ನು ಪರೀಕ್ಷಿಸುವ ದಾರಿ ಬೇರೆ. ಒಂದೇ ಪ್ರಶ್ನೆಯನ್ನು ನಾಲ್ಕಾರು ಬಗೆಯಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಏಜೆಂಟಿಗೆ ಕೇಳಿ ಅದು ಬರೆದ ಚೀಟಿಗಳನ್ನು ಓದಬೇಕು. ಟೂಲು ಬೇಡದ ಪ್ರಶ್ನೆಗಳನ್ನೂ ಅದರಲ್ಲಿ ಬೆರೆಸಿರಬೇಕು. ಚೀಟಿ ತಪ್ಪಿದ ಕಡೆ ಕೋಡನ್ನು ಮುಟ್ಟದೆ ವಿವರಣೆಯ ವಾಕ್ಯವೊಂದನ್ನು ತಿದ್ದಿ ಮತ್ತೆ ಕೇಳುವುದು ಕ್ರಮ. ಮಾದರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಇಷ್ಟನ್ನೂ ಮತ್ತೊಮ್ಮೆ ಮಾಡಬೇಕಾಗುತ್ತದೆ, ಏಕೆಂದರೆ ಹಳೆಯ ಮಾದರಿಗೆ ಸಾಕಾಗಿದ್ದ ವಾಕ್ಯವನ್ನು ಹೊಸದು ಬೇರೆ ರೀತಿ ಓದಬಹುದು.

ಎಂಸಿಪಿಯಲ್ಲಿ ಟೂಲುಗಳ ಪಟ್ಟಿ ಬದಲಾಯಿತೆಂದು ಆತಿಥೇಯ ಪ್ರೋಗ್ರಾಂಗೆ ಸುದ್ದಿ ಕಳಿಸುವ ವ್ಯವಸ್ಥೆಯಿದೆ. ಆದರೆ ಎಣಿಕೆಯನ್ನು 1ರಿಂದ 0ಗೆ ಬದಲಿಸಿದಂಥ ತಿದ್ದುಪಡಿ ಸ್ಕೀಮಾದಲ್ಲಿ ಕಾಣಿಸುವುದೇ ಇಲ್ಲ. ಹಿಂದಿನ ಚೀಟಿಗಳೆಲ್ಲ ದೋಷವಿಲ್ಲದೆ ನಡೆದು ಒಂದು ಪದ ಆಚೀಚಿನ ಉತ್ತರ ಕೊಡುತ್ತ ಹೋಗುತ್ತವೆ. ಇಂಥ ಬದಲಾವಣೆ ಮಾಡಲೇಬೇಕಾದರೆ ಟೂಲಿನ ಹೆಸರನ್ನೇ ಬದಲಿಸಿ, ಹಳೆಯ ಹೆಸರಿನದನ್ನು ಹಳೆಯ ಎಣಿಕೆಯೊಂದಿಗೆ ಕೆಲಕಾಲ ಉಳಿಸಿಕೊಳ್ಳುವುದು ಸುರಕ್ಷಿತ.